ಅತ್ತೆ ಅಟ್ಟಕ್ಕೆ ಹಾಕು ಎಂದ ಫೈಲು

ಕಳೆದ ಶ್ರಾವಣಕ್ಕೆ ನನ್ನ ಎಡಸ್ತನದ ಕ್ಯಾನ್ಸರ್ ಆಪರೇಷನ್ ಆಗಿ ಐದು ವರ್ಷ ತುಂಬಿತು. ಅತ್ತೆ ಹರಕೆ ಹೊತ್ತಿದ್ದರು. ಬಳ್ಳಾರಿಯ ಕನಕದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋಗಿ ಉಡಿ ತುಂಬಿಸಿದರು. ಮನೆಗೆ ಬಂದ ಮೇಲೆ, "ಇನ್ನು ಆ ಫೈಲು ಅಟ್ಟಕ್ಕೆ ಹಾಕಮ್ಮ, ಮಾತ್ರೆಯೂ ಸಾಕು" ಎಂದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಎದುರು ಮಾತಾಡಲು ನನಗೆ ಮನಸ್ಸಾಗಲಿಲ್ಲ.

ಮರುವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆ. ಮೊದಲ ಮೂರು ವರ್ಷ ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಮಾಡಿದ ಪ್ರಯಾಣವದು. ಡಾಕ್ಟರಮ್ಮ ಗಾಯದ ಗುರುತಿನ ಉದ್ದಕ್ಕೂ, ಎರಡೂ ಕಂಕುಳಲ್ಲಿ, ಕೊರಳೆಲುಬಿನ ಮೇಲೆ ಬೆರಳಾಡಿಸಿ ನೋಡಿದರು. ಬಳಿಕ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು, ಆದರೆ ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ ಮಾತ್ರೆ ಹತ್ತು ವರ್ಷ ತುಂಬುವವರೆಗೆ ನಡೆಯಲಿ ಎಂದರು. ನನ್ನದು ಹಾರ್ಮೋನಿನ ಬಲದಿಂದ ಬೆಳೆಯುವ ಜಾತಿಯ ಗೆಡ್ಡೆ; ಆ ಬಲ ಸಿಗದಂತೆ ತಡೆಯುವುದೇ ಈ ಮಾತ್ರೆ. ಕಂಕುಳಿನ ಗ್ರಂಥಿಗಳಿಗೂ ಹಬ್ಬಿತ್ತು. ಈ ಜಾತಿಯದು ಹತ್ತು, ಹದಿನೈದು ವರ್ಷಗಳ ಮೇಲೂ ಮರಳಬಹುದಂತೆ. ಐದು ವರ್ಷವೆಂಬ ಗೆರೆಯನ್ನು ಎಳೆದವರು ನಾವೇ. ರೋಗಕ್ಕೆ ಆ ಗೆರೆ ಗೊತ್ತಿಲ್ಲ.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ. ನಾಲ್ಕನೆಯ ವರ್ಷ ಭಯ ತಡೆಯಲಾಗದೆ, ಯಾರನ್ನೂ ಕೇಳದೆ, ಊರಿನ ಒಂದು ಪ್ರಯೋಗಾಲಯದಲ್ಲಿ 'ಕ್ಯಾನ್ಸರ್ ಪ್ಯಾಕೇಜ್' ರಕ್ತಪರೀಕ್ಷೆ ಮಾಡಿಸಿದೆ. ಸ್ತನ ಕ್ಯಾನ್ಸರಿನಲ್ಲಿ ಏರಬಹುದಾದ, ರಕ್ತದಲ್ಲಿನ ಒಂದು ಪ್ರೋಟೀನಿನ ಅಳತೆ, ಸಿಎ 15-3 ಎಂಬ ಅಂಕಿ, ಮಿತಿಗಿಂತ ತುಸು ಮೇಲಿತ್ತು. ಆ ಹಾಳೆ ಕೊಟ್ಟವರು ಒಂದು ಮಾತನ್ನೂ ವಿವರಿಸಲಿಲ್ಲ. ಇಪ್ಪತ್ತು ದಿನ ನಿದ್ದೆಯಿಲ್ಲ. ಜೀನ್ಸ್ ಹೊಲಿಯುತ್ತಾ ಕುಳಿತರೆ ಸೂಜಿಯ ಕೆಳಗೆ ಮಗಳ ಮುಖವೇ ಕಾಣುತ್ತಿತ್ತು. ಕೊನೆಗೆ ಡಾಕ್ಟರಮ್ಮ ಹೇಳಿದರು: ಆ ಅಂಕಿ ಬೇರೆ ಕಾರಣಗಳಿಗೂ ಏರುತ್ತದೆ, ತೊಂದರೆಯ ಲಕ್ಷಣವೇ ಇಲ್ಲದವರಿಗೆ ಆ ರಕ್ತಪರೀಕ್ಷೆಯನ್ನಾಗಲಿ, ಮೈಯಲ್ಲೆಲ್ಲ ಕ್ಯಾನ್ಸರ್ ಹುಡುಕುವ ಪೆಟ್ ಸ್ಕ್ಯಾನನ್ನಾಗಲಿ ಸುಮ್ಮನೆ ಮಾಡಿಸುವುದರಿಂದ ಆಯುಷ್ಯ ಹೆಚ್ಚುವುದಿಲ್ಲ. ಉಳಿದಿರುವ ಬಲಸ್ತನಕ್ಕೆ ವರ್ಷಕ್ಕೊಂದು ಮ್ಯಾಮೊಗ್ರಾಂ, ಕೈಯಿಂದ ಮುಟ್ಟಿ ನೋಡುವ ತಪಾಸಣೆ, ಮತ್ತು ನಾನು ಬಾಯಿಬಿಟ್ಟು ಹೇಳುವ ಮಾತು. ಅಷ್ಟೇ.

ಮೂರರಲ್ಲಿ ಕಷ್ಟವಾದದ್ದು ಕೊನೆಯದು. ಬೆನ್ನು ನೋವೆಂದರೆ ಮಷಿನ್ನಿನ ಮುಂದೆ ಬಾಗಿದ್ದಕ್ಕೆ ಎಂದುಕೊಳ್ಳುವವಳು ನಾನು. ಈಗ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಎರಡು ವಾರ ದಾಟಿಯೂ ಬಿಡದ ನೋವು, ಕೆಮ್ಮು, ಏದುಸಿರು, ಗಾಯದ ಮೇಲೆ ಏಳುವ ಸಣ್ಣ ಗುಳ್ಳೆ, ಎಡತೋಳಿನ ಊತ, ಯಾವುದಿದ್ದರೂ ಮುಂದಿನ ತಪಾಸಣೆಯ ದಿನಕ್ಕೆ ಕಾಯುವುದಿಲ್ಲ, ಫೋನ್ ಮಾಡುತ್ತೇನೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಹೇಳಲೇಬೇಕು. ಈ ಮಾತ್ರೆ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸಬಲ್ಲದು. ಇದನ್ನು ಹೇಳಲು ನನಗೆ ಎಷ್ಟು ನಾಚಿಕೆಯಿತ್ತೆಂದರೆ, ಮೊದಲ ಸಲ ಚೀಟಿಯಲ್ಲಿ ಬರೆದು ಡಾಕ್ಟರಮ್ಮನ ಕೈಗೆ ಕೊಟ್ಟಿದ್ದೆ.

ಅತ್ತೆಗೆ ಇದನ್ನೆಲ್ಲ ಒಂದು ಸಂಜೆ ಜೋಳದ ಹಿಟ್ಟು ನಾದುತ್ತಾ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ಫೈಲನ್ನು ತಮ್ಮ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮೇಲೆ ಇಟ್ಟರು. ದಿನವೂ ರಾತ್ರಿ ಊಟವಾದ ಮೇಲೆ ಮಾತ್ರೆ ನೆನಪಿಸುವವರು ಈಗ ಅವರೇ. ಮುಂದಿನ ಮ್ಯಾಮೊಗ್ರಾಂ ದೀಪಾವಳಿ ಮುಗಿದ ಮರುವಾರ; ಈ ಸಲ ತಾವೂ ರೈಲಿಗೆ ಬರುತ್ತಾರಂತೆ.