ಕಾಫಿಪುಡಿ ತೂಗುವ ಯಂತ್ರ: ಐದು ವಾರದ ಲೆಕ್ಕ

ಜೂನ್ 14

ನಮ್ಮ ಮನೆಯಲ್ಲಿ ಬೆಳಿಗ್ಗೆ ಎರಡು ಫಿಲ್ಟರ್ ಇಳಿಯುತ್ತದೆ. ಅಪ್ಪನಿಗೆ 14 ಗ್ರಾಂ ಕಾಫಿಪುಡಿ, 6 ಗ್ರಾಂ ಚಿಕೋರಿ. ನನಗೆ ಬರೀ ಕಾಫಿಪುಡಿ, 20 ಗ್ರಾಂ. ಚಿಕ್ಕಮಗಳೂರಲ್ಲಿ ಹುಟ್ಟಿ ಚಿಕೋರಿ ಕುಡಿಯೋದಾ ಅಂತ ನಾನು ರೇಗಿಸುತ್ತೇನೆ. ಅಪ್ಪ ಕೇರ್ ಮಾಡಲ್ಲ. ತೊಂದರೆ ಏನಂದ್ರೆ, ಚಮಚದ ಲೆಕ್ಕ ನೆಚ್ಚಿಕೊಂಡರೆ ಇವತ್ತಿನ ರುಚಿ ನಾಳೆ ಇರಲ್ಲ. ಅದೇ ಚಮಚ ಒಮ್ಮೆ 5 ಗ್ರಾಂ ಎತ್ತುತ್ತೆ, ಒಮ್ಮೆ 7.

ಗುಂಡಿ ಒತ್ತಿದರೆ ತೂಕಕ್ಕೆ ಸರಿಯಾಗಿ ಪುಡಿ ಉದುರಿಸುವ ಯಂತ್ರ ಇದೆಯಾ ಅಂತ ಹುಡುಕಿದೆ. ಸಿಕ್ಕಿದ್ದು ಬಂದೂಕಿನವರ ಯಂತ್ರ! ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ಹಾರಿಸಿದ ಕಾಡತೂಸಿನ ಖಾಲಿ ಕೊಳವೆಗೆ ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ. ಅದಕ್ಕೆ ಆರ್‌ಸಿಬಿಎಸ್ ಕಂಪನಿಯ ಚಾರ್ಜ್‌ಮಾಸ್ಟರ್ ಥರದ ಯಂತ್ರಗಳಿವೆ. ಮೊದಲು ದಬದಬ ಸುರಿಯುತ್ತೆ, ಗುರಿ ಹತ್ತಿರ ಬಂದಾಗ ಕಾಳುಕಾಳಾಗಿ ಉದುರಿಸುತ್ತೆ. ಅವರ ಅಳತೆ ಗ್ರೇನ್. 7000 ಗ್ರೇನ್ ಅಂದ್ರೆ ಒಂದು ಪೌಂಡ್, ಒಂದು ಗ್ರೇನ್ ಅಂದ್ರೆ 0.0648 ಗ್ರಾಂ. ಆ ಯಂತ್ರ 0.1 ಗ್ರೇನ್ ಆಚೀಚೆಗೆ ನಿಲ್ಲುತ್ತೆ ಅನ್ನುತ್ತಾರೆ. ಮದ್ದು ಜಾಸ್ತಿಯಾದರೆ ಒತ್ತಡ ಏರಿ ಬಂದೂಕೇ ಸಿಡಿಯಬಹುದು, ಅದಕ್ಕೆ ಅಷ್ಟು ನಾಜೂಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವ ಹಾಗಿಲ್ಲ, ನನಗೆ ಆ ಆಸೆಯೂ ಇಲ್ಲ. ಯಂತ್ರದ ಉಪಾಯ ಮಾತ್ರ ಹಿಡಿಸಿತು. ನೂರಾರು ಡಾಲರ್ ಕೊಟ್ಟು ತರಿಸುವ ಮಾತಿಲ್ಲ, ನಾನೇ ಮಾಡುವುದು ಅಂತಾಯಿತು.

ಜೂನ್ 22

ಮೊದಲು ತಕ್ಕಡಿ. ಅಂಗೈಯಗಲದ ಜೇಬು ತಕ್ಕಡಿ ತಂದೆ. 200 ಗ್ರಾಂವರೆಗೆ ತೂಗುತ್ತೆ, 0.01 ಗ್ರಾಂ ತೋರಿಸುತ್ತೆ. ಎರಡು ಸೊನ್ನೆ ನೋಡಿ ಖುಷಿಯಾದೆ. ಖುಷಿ ಸಂಜೆವರೆಗೂ ಉಳಿಯಲಿಲ್ಲ.

ಬಟ್ಟಲಿಟ್ಟು ಸೊನ್ನೆ ಮಾಡಿ, ಎರಡು ಬೆರಳಲ್ಲಿ ಚಿಟಿಕೆಗಿಂತ ಕಡಿಮೆ ಪುಡಿ ಉದುರಿಸಿದೆ. 0.00. ಇನ್ನೊಂಚೂರು. 0.00. ಹಾಗೇ ಎಂಟು ಹತ್ತು ಸಲ ಉದುರಿಸಿದೆ. ಬಟ್ಟಲ ತಳದಲ್ಲಿ ಪುಡಿ ಕಣ್ಣಿಗೆ ಕಾಣ್ತಾ ಇದೆ, ತಕ್ಕಡಿ ಮಾತ್ರ ಜಪ್ಪಯ್ಯ ಅಂದ್ರೂ ಸೊನ್ನೆ ಬಿಡಲ್ಲ. ಬಟ್ಟಲು ಎತ್ತಿ ಮತ್ತೆ ಇಟ್ಟರೂ ಲೆಕ್ಕ ತಪ್ಪು. ಆಮೇಲೆ ಗೊತ್ತಾಯಿತು: ಸೊನ್ನೆ ಅಲುಗಾಡಬಾರದು ಅಂತ ಈ ತಕ್ಕಡಿಗಳು ಸಣ್ಣ ಸಣ್ಣ ಬದಲಾವಣೆಯನ್ನು ತಾವೇ ನುಂಗಿಕೊಂಡು ಮತ್ತೆ ಸೊನ್ನೆ ಮಾಡಿಕೊಳ್ಳುತ್ತವೆ. ತರಕಾರಿ ತೂಗಲು ಅದು ಸರಿ. ಕಾಳುಕಾಳಾಗಿ ಉದುರಿಸುವವರಿಗೆ ಶತ್ರು. ಮೇಲಾಗಿ ಒಂದು ನಿಮಿಷ ಸುಮ್ನೆ ಬಿಟ್ಟರೆ ಆರಿಹೋಗುತ್ತೆ.

ತೂಕ ನಿಜವಾ ಅಂತ ನೋಡಲು ಪರಿಚಯದ ಅಕ್ಕಸಾಲಿ ಆಚಾರ್ರ ಹತ್ತಿರ ಹೋದೆ. ಅವರ 50 ಗ್ರಾಂ ಬಟ್ಟು ಇಟ್ಟಾಗ 50.02 ಬಂತು. ಪರವಾಗಿಲ್ಲ. “ಹಿಂದೆ ಗುಲಗಂಜಿ ಇಟ್ಟು ತೂಗ್ತಿದ್ರು ಸಾರ್, ಅದಕ್ಕೆ ಬ್ಯಾಟರಿ ಮುಗೀತಿರಲಿಲ್ಲ” ಅಂದರು. ಒಂದು ಗುಲಗಂಜಿ ಸುಮಾರು 0.12 ಗ್ರಾಂ, ಹೆಚ್ಚುಕಡಿಮೆ ಎರಡು ಗ್ರೇನ್. ಅಲ್ಲೂ ಕಾಳು, ಇಲ್ಲೂ ಕಾಳು.

ಜೇಬು ತಕ್ಕಡಿಯನ್ನು ಯಂತ್ರಕ್ಕೆ ಕಟ್ಟುವುದಿಲ್ಲ. ಯಂತ್ರ ಹಾಕಿದ್ದನ್ನು ತನಿಖೆ ಮಾಡುವುದಷ್ಟೇ ಅದರ ಕೆಲಸ. ಮದ್ದಿನವರೂ ಹೀಗೇ, ಯಂತ್ರದ ತೂಕವನ್ನು ಇನ್ನೊಂದು ತಕ್ಕಡಿಯಲ್ಲಿ ನೋಡುತ್ತಾರೆ.

ಜುಲೈ 6

ಯಂತ್ರದ ಒಳಗೆ ಭಾರ ಅಳೆಯುವ 1 ಕೆಜಿ ಲೋಡ್ ಸೆಲ್, ಅದರ ಸಣ್ಣ ವೋಲ್ಟೇಜನ್ನು ಅಂಕಿಯಾಗಿಸುವ ಎಚ್‌ಎಕ್ಸ್ 711 ಬೋರ್ಡ್, ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್ ಆರ್ಡುಯಿನೊ. ಪುಡಿ ತಳ್ಳಲು ಪಿವಿಸಿ ಪೈಪಿನೊಳಗೆ ಮೋಟರ್ ತಿರುಗಿಸುವ, ಮರ ಕೊರೆಯುವ ಬೈರಿಗೆ, ಎಣ್ಣೆ ಹೋಗುವವರೆಗೆ ಮೂರು ಸಲ ತೊಳೆದದ್ದು.

ಲೋಡ್ ಸೆಲ್ ನೋಡಲು ಅಲ್ಯೂಮಿನಿಯಂ ತುಂಡು, ಅಷ್ಟೇ. ಭಾರಕ್ಕೆ ಒಂಚೂರು ಬಾಗುತ್ತೆ, ಮೇಲೆ ಅಂಟಿಸಿದ ಗೇಜಿನ ತಂತಿ ಎಳೆದುಕೊಂಡು ಅದರ ರೆಸಿಸ್ಟೆನ್ಸ್ ಬದಲಾಗುತ್ತೆ. ನನ್ನ ಸೆಲ್‌ಗೆ 5 ವೋಲ್ಟ್ ಕೊಟ್ಟು ಪೂರ್ತಿ ಒಂದು ಕೆಜಿ ಹೇರಿದರೂ ಹೊರಗೆ ಬರುವುದು ಸುಮಾರು 5 ಮಿಲಿವೋಲ್ಟ್. ಹಾಗಾದರೆ 0.1 ಗ್ರಾಂಗೆ ಅರ್ಧ ಮೈಕ್ರೋವೋಲ್ಟ್. ಇಷ್ಟು ಸಣ್ಣದನ್ನು ಓದುವಾಗ ಕಿಟಕಿ ಗಾಳಿಯೂ ತೂಕವೇ. ಮಳೆಗಾಳಿ ಬೀಸಿದಾಗಲೆಲ್ಲ ಅಂಕಿ ಕುಣಿಯಿತು. ಕಿಟಕಿ ಮುಚ್ಚಿದೆ, ಹಳೇ ಬಿಸ್ಕತ್ ಡಬ್ಬ ಕತ್ತರಿಸಿ ಮರೆ ಮಾಡಿದೆ. ಯಂತ್ರ ಆನ್ ಮಾಡಿದ ಮೊದಲ ಇಪ್ಪತ್ತು ನಿಮಿಷ ಸೊನ್ನೆಯೇ 0.3 ಗ್ರಾಂ ಜಾರುತ್ತೆ, ಹಾಗಾಗಿ ಪ್ರತಿ ಸಲ ಸುರಿಯುವ ಮುಂಚೆ ಸೊನ್ನೆ ಮಾಡುವ ಹಾಗೆ ಪ್ರೋಗ್ರಾಂ ಬರೆದೆ.

ಮೊದಲ ಓಟದಲ್ಲಿ 14 ಕೇಳಿದರೆ 16.8 ಬಂತು. ತಪ್ಪು ನನ್ನದೇ. ಬೋರ್ಡ್ ಸೆಕೆಂಡಿಗೆ 10 ಸಲ ಓದುತ್ತೆ, ಅಂಕಿ ಕುಣಿಯದಿರಲಿ ಅಂತ ನಾನು ಹತ್ತರ ಸರಾಸರಿ ತೆಗೆದಿದ್ದೆ. ಅಂದ್ರೆ ಪರದೆ ಮೇಲೆ ಕಾಣುವುದು ಅರ್ಧ ಸೆಕೆಂಡ್ ಹಿಂದಿನ ತೂಕ. ಜೊತೆಗೆ ಮೋಟರ್ ನಿಂತಾಗ ಇನ್ನೂ ಗಾಳಿಯಲ್ಲಿರುವ ಪುಡಿ ಬಟ್ಟಲಿಗೆ ಬಿದ್ದೇ ಬೀಳುತ್ತೆ. ಈಗ 11 ಗ್ರಾಂವರೆಗೆ ಜೋರು. ಆಮೇಲೆ ಕಾಲು ಸುತ್ತು, ಒಂದು ಸೆಕೆಂಡ್ ತಾಳ್ಮೆ, ನೋಡು, ಮತ್ತೆ ಕಾಲು ಸುತ್ತು.

ಜುಲೈ 13

ಚಿಕೋರಿ ಸೋಲಿಸಿತು. ಯಂತ್ರಕ್ಕೆ ಪುಡಿ ಹಾಕುವ ಎರಡನೇ ಲಾಳಿಕೆಗೆ ತುಂಬಿ ಎರಡು ದಿನ ಬಿಟ್ಟಿದ್ದೆ. ಈ ಮಳೆಯ ತೇವ ಹೀರಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಮೋಟರ್ ನರಳಿತು, ಬೈರಿಗೆ ಅಲುಗಲಿಲ್ಲ. ಚಾಕುವಿನಲ್ಲಿ ಕೆರೆದು ತೆಗೆಯಲು ಒಂದು ಗಂಟೆ ಹಿಡಿಯಿತು. ಚಿಕೋರಿಗೆ ಇನ್ನು ಬಿಗಿ ಮುಚ್ಚಳದ ಡಬ್ಬ, ಚಮಚ ಮತ್ತು ಜೇಬು ತಕ್ಕಡಿ. ಯಂತ್ರ ಬರೀ ಕಾಫಿಪುಡಿಗೆ.

ಮರುದಿನ ಇನ್ನೊಂದು. 9 ಗ್ರಾಂ ಬಿದ್ದಾಗ ಕರೆಂಟ್ ಹೋಗಿ ಬಂತು. ಯಂತ್ರ ಎದ್ದು, ಬಟ್ಟಲಲ್ಲಿದ್ದ ಪುಡಿಯನ್ನೇ ಸೊನ್ನೆ ಅಂದುಕೊಂಡು ಮತ್ತೆ 14 ಸುರಿಯಿತು. ನಾನು ಹಲ್ಲುಜ್ಜುತ್ತಿದ್ದೆ, ನೋಡಲಿಲ್ಲ. ಅಪ್ಪ ಒಂದು ಗುಟುಕು ಕುಡಿದು, “ಏನೋ ಇದು, ಕಷಾಯ ಕಾಸಿದ್ಯಾ?” ಅಂದರು. ಈಗ ಕರೆಂಟ್ ಬಂದ ಮೇಲೆ ಗುಂಡಿ ಒತ್ತುವವರೆಗೂ ಅದು ಕದಲುವುದಿಲ್ಲ.

ಜುಲೈ 20

ಇವತ್ತು 14 ಗ್ರಾಂಗೆ ಹತ್ತು ಸಲ ಓಡಿಸಿ ಜೇಬು ತಕ್ಕಡಿಯಲ್ಲಿ ತೂಗಿದೆ. ಕಡಿಮೆ ಬಿದ್ದದ್ದು 13.88, ಜಾಸ್ತಿ ಬಿದ್ದದ್ದು 14.21. ಒಂದೊಂದಕ್ಕೂ ಸುಮಾರು 25 ಸೆಕೆಂಡ್. ಮದ್ದಿನವರು ನೋಡಿದರೆ ನಗುತ್ತಾರೆ. ಅಪ್ಪ ಇವತ್ತಿನ ಲೋಟ ಕೆಳಗಿಟ್ಟು ಏನೂ ಅನ್ನಲಿಲ್ಲ, ಪೇಪರ್ ತಿರುವಿದರು.

ಲಾಳಿಕೆಗೆ ಮುಚ್ಚಳ ಇನ್ನೂ ಆಗಿಲ್ಲ. ಸದ್ಯಕ್ಕೆ ಅಮ್ಮನ ಸ್ಟೀಲ್ ತಟ್ಟೆ ಮುಚ್ಚಿದ್ದೇನೆ, ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸ್ ಕೊಡಬೇಕು.