ಪೆಟ್ಟಿಗೆಯ ಉಪವಾಸ

ಪವಿತ್ರ ಗುರುವಾರದ ಸಂಜೆ ಮಹಿಮಾಗೀತೆ ಮುಗಿಯುತ್ತಿದ್ದ ಹಾಗೆ ನಾನು ಪೆಟ್ಟಿಗೆಯ ಮುಚ್ಚಳ ಹಾಕಿಬಿಡುತ್ತೇನೆ. ಮೇಲೆ ಒಂದು ಬಟ್ಟೆ ಹೊದಿಸುತ್ತೇನೆ. ಇನ್ನು ಅದು ದನಿ ತೆಗೆಯುವುದು ಶನಿವಾರ ರಾತ್ರಿ, ಪಾಸ್ಕ ಅಂದರೆ ಈಸ್ಟರ್ ಹಬ್ಬದ ಜಾಗರಣೆಯಲ್ಲಿ, ಅದೇ ಮಹಿಮಾಗೀತೆಗೆ. ನಡುವೆ ಗಂಟೆಯೂ ಇಲ್ಲ. ಗಂಟೆಯ ಜಾಗದಲ್ಲಿ ಮರದ ಹಲಗೆ ಬಡಿಯುತ್ತಾರೆ, ಒಣ ಕಟ್ಟಿಗೆ ಒಡೆದ ಹಾಗೆ ಟಕ್ ಟಕ್ ಅಂತ. ಹಾಡಿಗೆ ಆಸರೆ ಬೇಕಾದರೆ ಮೆಲ್ಲಗೆ ನುಡಿಸಬಹುದು ಅಂತ ಧರ್ಮಸಭೆಯ ನಿಯಮದಲ್ಲೇ ಇದೆ. ನಮ್ಮಲ್ಲಿ ಅದನ್ನೂ ಬಿಟ್ಟಿದ್ದೇವೆ.

ಪೆಟ್ಟಿಗೆ ಅಂದರೆ ನಮ್ಮ ದೇವಾಲಯದ ಆರ್ಗನ್ನು. ಸುಂಟಿಕೊಪ್ಪದ ಕಡೆ ಕಾಫಿ ತೋಟಗಳ ನಡುವೆ ಇರುವ ಸಣ್ಣ ದೇವಾಲಯ ನಮ್ಮದು. ಬರುವವರಲ್ಲಿ ಅರ್ಧಕ್ಕರ್ಧ ಲೈನ್ ಮನೆಯವರು, ಅಂದರೆ ತೋಟದಲ್ಲೇ ಸಾಲುಮನೆಗಳಲ್ಲಿ ಇರುವ ಕೆಲಸಗಾರರು. ಮನೆಯಲ್ಲಿ ತಮಿಳೋ, ಮಲಯಾಳವೋ, ಕೊಂಕಣಿಯೋ ಮಾತಾಡುತ್ತಾರೆ. ಹಾಡುವುದು ಮಾತ್ರ ಎಲ್ಲರೂ ಕನ್ನಡದಲ್ಲಿ. ಕೊಡಗಿನಲ್ಲಿ ನಮ್ಮವರ ಕಥೆ ಶುರುವಾಗುವುದೇ ಹೀಗೆ ಬೇರೆ ಬೇರೆ ಕಡೆಯಿಂದ ಬಂದು ಸೇರಿಕೊಂಡವರಿಂದ. 1792ರಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ವಿರಾಜಪೇಟೆ ಕಟ್ಟಿಸಿದಾಗ, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮ ದೇವಾಲಯದ ಮೊದಲ ಮಂದಿ ಅವರೇ. ಆಶ್ರಯ ಕೇಳಿ ಬಂದವರು ಮೊದಲು ಯಾವ ಹಾಡು ಹಾಡಿದರೋ ಅಂತ ಆ ಎತ್ತರದ ಗೋಪುರದ ಕೆಳಗೆ ನಿಂತಾಗಲೆಲ್ಲ ಅನ್ನಿಸುತ್ತದೆ.

ಪೆಟ್ಟಿಗೆಗೆ ಬರುತ್ತೇನೆ. ಇದು ಕಾಲಲ್ಲಿ ತುಳಿದು ನುಡಿಸುವ ಆರ್ಗನ್ನು. ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ನೋಡಿದವರಿಗೆ ಅಂದಾಜು ಸಿಗುತ್ತದೆ. ಕೆಳಗೆ ಎರಡು ತುಳಿಗೆ, ಒಳಗೆ ತಿದಿ, ತಿದಿಯ ಗಾಳಿ ಹಿತ್ತಾಳೆಯ ನಾಲಗೆಗಳ ಮೇಲೆ ಹಾಯುತ್ತದೆ, ನಾಲಗೆ ನಡುಗಿದರೆ ಸ್ವರ. ದೊಡ್ಡ ದೊಡ್ಡ ದೇವಾಲಯಗಳ ಕೊಳವೆ ಆರ್ಗನ್ನಿನಲ್ಲಿ ನಾಲಗೆಯ ಜಾಗದಲ್ಲಿ ಬಹುಪಾಲು ಕೊಳಲಿನಂಥ ಕೊಳವೆಗಳು. ಹದಿನಾರು ಅಡಿ ಉದ್ದದ ತೆರೆದ ಕೊಳವೆಯ ಸ್ವರ ಸೆಕೆಂಡಿಗೆ ಹೆಚ್ಚುಕಡಿಮೆ 33 ಸಲ ನಡುಗುತ್ತದೆ, ಮೂವತ್ತೆರಡು ಅಡಿಯದಾದರೆ ಅದರ ಅರ್ಧ. ಅದು ಕಿವಿಗೆ ಕೇಳುವುದಕ್ಕಿಂತ ಎದೆಗೂಡಿಗೆ, ಕೂತ ಬೆಂಚಿಗೆ ತಾಗುವುದೇ ಜಾಸ್ತಿ. ಅಂಥದ್ದನ್ನು ಕಟ್ಟುವ ಶಕ್ತಿ ಎಲ್ಲ ಊರಿಗೂ ಎಲ್ಲಿ ಬರಬೇಕು? 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ಡೆಬೇನ್ ಹಾರ್ಮೋನಿಯಂ ಅಂತ ಹೆಸರಿಟ್ಟು ಸಣ್ಣದೊಂದನ್ನು ಮಾಡಿದ. ಅದು ಹಡಗು ಹತ್ತಿ ನಮ್ಮ ಕಡೆ ಬಂತು, ಕೋಲ್ಕತ್ತದಲ್ಲಿ ಕಾಲು ಕಳಚಿ ಕೈಗೆ ಬಂತು, ಭಜನೆಗೂ ಬಂತು. ಓಂಕಾರೇಶ್ವರನ ಮುಂದೆ ಕೂತು ಭಜನೆ ಮಾಡುವವರ ಪೆಟ್ಟಿಗೆಯೂ ನಮ್ಮ ಪೆಟ್ಟಿಗೆಯೂ ಒಂದೇ ಬಳಗ.

ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಒಂದು. ವೀಣೆಯ ತಂತಿ ಮೀಟಿದ ಕ್ಷಣದಿಂದಲೇ ಸ್ವರ ಕರಗುತ್ತ ಹೋಗುತ್ತದೆ. ಆರ್ಗನ್ನಿನ ಸ್ವರ ಹಾಗಲ್ಲ. ಬೆರಳು ಎತ್ತುವವರೆಗೆ, ಗಾಳಿ ಇರುವವರೆಗೆ ನಿಂತೇ ಇರುತ್ತದೆ. ಮನುಷ್ಯನ ಉಸಿರು ಮುಗಿದರೂ ಅದರದು ಮುಗಿಯುವುದಿಲ್ಲ. ಆದರೆ ಗಾಳಿ ತುಂಬುವುದು ಮಾತ್ರ ಮನುಷ್ಯನ ಕಾಲೇ. ಬೈಬಲಿನ 150ನೆಯ ಕೀರ್ತನೆ ತುತೂರಿ, ತಾಳ, ಕಿನ್ನರಿ, ಕೊಳಲು ಎಲ್ಲವನ್ನೂ ಹೆಸರಿಟ್ಟು ಕರೆದು, ಕೊನೆಗೆ ಉಸಿರಿರುವುದೆಲ್ಲ ದೇವರನ್ನು ಹೊಗಳಲಿ ಅನ್ನುತ್ತದೆ. ಆ ಸಾಲು ಬಂದಾಗ ನಾನು ಪೆಟ್ಟಿಗೆಯನ್ನೂ ಉಸಿರಾಡುವವರ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತೇನೆ.

ಮಳೆಗಾಲದಲ್ಲಿ ಇದನ್ನು ಮಗುವಿನ ಹಾಗೆ ನೋಡಿಕೊಳ್ಳಬೇಕು. ಜೂನ್ ಬಂತೆಂದರೆ ಸ್ವರದ ಮನೆಗಳು, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗಳು, ಉಬ್ಬಿ ಒತ್ತಿದ್ದು ಮೇಲೆ ಬರುವುದಿಲ್ಲ, ತಿದಿಯ ಬಟ್ಟೆಗೆ ಬೂಸಲು ಹಿಡಿಯುತ್ತದೆ, ಇಲಿ ಬೇರೆ. ಒಳಗೆ ಒಂದು ಬಲ್ಬು ಉರಿಸಿಡುತ್ತೇವೆ, ಬೆಚ್ಚಗಿರಲಿ ಅಂತ. ನಡುವೆ ಕೆಲವು ವರ್ಷ ಇದು ಬೇಡವೂ ಆಗಿತ್ತು. ಯುವಕರು ದುಡ್ಡು ಸೇರಿಸಿ ಕೀಬೋರ್ಡ್ ತಂದರು, ಅದರಲ್ಲೇ ಒಂದು ಗುಂಡಿ ಒತ್ತಿದರೆ ಆರ್ಗನ್ನಿನ ದನಿ. ನಾನೂ ಅದನ್ನೇ ನುಡಿಸುತ್ತಿದ್ದೆ. ಸ್ವಾಮಿಯವರು, ಅಂದರೆ ನಮ್ಮ ಪಾದ್ರಿಗಳು, ಪೂಜೆಯ ಉಡುಪು ಹಾಕಿಕೊಳ್ಳುವ ಕೋಣೆಯ ಮೂಲೆಗೆ ಪೆಟ್ಟಿಗೆ ಸೇರಿತ್ತು.

ಆಮೇಲೆ 2018ರ ಆಗಸ್ಟ್. ಕೊಡಗಿನವರಿಗೆ ಅದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆಯೆಲ್ಲ ಗುಡ್ಡ ಜರಿದು, ಮನೆ, ತೋಟ, ರಸ್ತೆ ಒಂದೂ ಇದ್ದಲ್ಲಿ ಇರಲಿಲ್ಲ. 19ನೇ ತಾರೀಕು ಭಾನುವಾರ. ಕರೆಂಟ್ ಇಲ್ಲದೆ ಎಷ್ಟೋ ದಿನ ಆಗಿತ್ತು. ಪೂಜೆಗೆ ಬಂದವರಲ್ಲಿ ಪರಿಹಾರ ಕೇಂದ್ರದಿಂದ ಬಂದವರೂ ಇದ್ದರು, ಯಾರದೋ ಸ್ವೆಟರು, ಯಾರದೋ ಚಪ್ಪಲಿ ಹಾಕಿಕೊಂಡು. ಕೀಬೋರ್ಡ್ ಸತ್ತಿತ್ತು. ಧರ್ಮಪಾಠ ಹೇಳಿಕೊಡುವ ಉಪದೇಶಿಯವರು ಇಬ್ಬರು ಹುಡುಗರನ್ನು ಕರೆದು ಪೆಟ್ಟಿಗೆಯನ್ನು ಹೊರಿಸಿಕೊಂಡು ಬಂದರು. "ಟೀಚರಮ್ಮ, ತುಳಿದು ನೋಡಿ" ಅಂದರು. ಸ್ವರದ ಮೂರು ಮನೆ ಕೆಲಸ ಮಾಡಲಿಲ್ಲ. ಉಳಿದದ್ದು ನುಡಿಯಿತು.

ಅವತ್ತು 46ನೆಯ ಕೀರ್ತನೆ ಹಾಡಿದೆವು. ದೇವರೇ ನಮಗೆ ಆಶ್ರಯ, ಭೂಮಿ ಕದಲಿದರೂ ಬೆಟ್ಟಗಳು ಕುಸಿದು ಸಮುದ್ರ ಸೇರಿದರೂ ನಾವು ಹೆದರುವುದಿಲ್ಲ ಅಂತ ಬರುತ್ತದಲ್ಲ, ಅದು. ಚಿಕ್ಕಂದಿನಿಂದ ಎಷ್ಟು ಸಲ ಹಾಡಿದ್ದೇವೋ. ಬೆಟ್ಟ ಅನ್ನುವ ಮಾತು ಬರುತ್ತಿದ್ದ ಹಾಗೆ ಹಾಡು ನಿಂತುಹೋಯಿತು. ಒಬ್ಬರ ಬಾಯಿಂದಲೂ ದನಿ ಹೊರಡಲಿಲ್ಲ. ಗಂಡಸರು ಎದುರಿನ ಬೆಂಚಿಗೆ ಹಣೆ ಇಟ್ಟುಬಿಟ್ಟರು. ನನಗೆ ತುಳಿಯುವುದು ಬಿಟ್ಟು ಬೇರೆ ಏನು ಮಾಡಬೇಕೋ ತೋಚಲಿಲ್ಲ. ಕಣ್ಣು ಕಾಣುತ್ತಿರಲಿಲ್ಲ, ಬೆರಳು ತಾನಾಗಿ ಹೋಗುತ್ತಿತ್ತು. ಹಾಗೇ ಒಂದು ಚರಣ ಪೂರ್ತಿ ಪೆಟ್ಟಿಗೆಯೊಂದೇ ಹಾಡಿತು. ಮಾತು ಎಲ್ಲರ ಗಂಟಲಲ್ಲೇ ಇತ್ತು. ಮುಂದಿನ ಚರಣವನ್ನು ಮೊದಲು ಎತ್ತಿಕೊಂಡವರು ಲೈನ್ ಮನೆಯ ಒಬ್ಬ ಅಜ್ಜಿ. ಅವರಿಗೆ ಓದು ಬರುವುದಿಲ್ಲ, ಹಾಡಿನ ಪುಸ್ತಕ ಹಿಡಿಯುವುದಿಲ್ಲ, ಎಲ್ಲವೂ ಬಾಯಿಪಾಠ. ಅವರು ಎತ್ತಿಕೊಂಡ ಮೇಲೆ ಒಬ್ಬೊಬ್ಬರೇ ಸೇರಿದರು.

ಆವತ್ತಿನಿಂದ ಪೆಟ್ಟಿಗೆ ಮತ್ತೆ ಮೂಲೆಗೆ ಹೋಗಲಿಲ್ಲ. ರಿಪೇರಿ ಆಯಿತು. ಹಬ್ಬಗಳಿಗೆಲ್ಲ ಅದೇ.

ಹೀಗೆ ಅಳು ಬರುವುದು ಭಕ್ತಿಯೋ, ರಾಗದ ಗುಣವೋ? ಈ ಪ್ರಶ್ನೆ ನನ್ನನ್ನು ಎಷ್ಟೋ ಸಲ ಕಾಡಿದೆ. ನನಗಿಂತ ಎಷ್ಟೋ ದೊಡ್ಡವರನ್ನೂ ಕಾಡಿದೆ. ಧರ್ಮಸಭೆಯ ದೊಡ್ಡ ಚಿಂತಕ ಸಂತ ಅಗಸ್ಟೀನ್ 387ರಲ್ಲಿ ಇಟಲಿಯ ಮಿಲಾನಿನಲ್ಲಿ ಕ್ರೈಸ್ತರಾಗುವ ಸ್ನಾನದೀಕ್ಷೆ ಪಡೆದರು, ಅದೂ ಪಾಸ್ಕ ಜಾಗರಣೆಯ ರಾತ್ರಿಯೇ. ಆ ದಿನಗಳಲ್ಲಿ ದೇವಾಲಯದಲ್ಲಿ ಜನ ಹಾಡುವುದನ್ನು ಕೇಳಿ ತಾನು ಎಷ್ಟು ಅತ್ತೆ, ಆ ದನಿಗಳು ಕಿವಿಗೆ ಇಳಿದು ಸತ್ಯ ಎದೆಯೊಳಗೆ ಹೇಗೆ ಜಿನುಗಿತು, ಆ ಅಳು ತನಗೆ ಎಷ್ಟು ಹಿತವಾಗಿತ್ತು ಅಂತ ಅವರೇ ಬರೆದಿದ್ದಾರೆ. ಅದೇ ಅಗಸ್ಟೀನ್ ಮುಂದೆ ಒಂದು ಕಡೆ ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ನನ್ನನ್ನು ಜಾಸ್ತಿ ಅಲುಗಿಸಿದರೆ ಅದು ತಪ್ಪು, ಅಂಥ ಹೊತ್ತಲ್ಲಿ ಕೇಳದಿರುವುದೇ ಮೇಲು ಅಂತ ನೊಂದುಕೊಳ್ಳುತ್ತಾರೆ. ಆದರೂ ಹಾಡು ಬೇಡ ಅನ್ನುವ ಮನಸ್ಸು ಅವರಿಗೂ ಬರಲಿಲ್ಲ. ಎಷ್ಟು ಪ್ರಾಮಾಣಿಕ ಮನುಷ್ಯ ಅಲ್ವಾ?

ನುಡಿಸುವವರಿಗೆ ಈ ಭಯ ಇನ್ನೂ ಹತ್ತಿರದ್ದು. ಕೇಳುವವರು ಅತ್ತರೆ ಹಾಡು ನಡೆಯುತ್ತದೆ. ನುಡಿಸುವವರು ಅತ್ತರೆ ತಾಳ ಕೆಡುತ್ತದೆ, ನೂರು ಜನರ ಪ್ರಾರ್ಥನೆ ಎಡವುತ್ತದೆ. ಹಾಗಾಗಿ ಕಣ್ಣೀರನ್ನು ತಡೆದುಕೊಂಡು ತಡೆದುಕೊಂಡು ಅಭ್ಯಾಸವಾಗಿಬಿಡುತ್ತದೆ. ಕೆಲವೊಮ್ಮೆ ಪೂಜೆ ಮುಗಿದ ಮೇಲೆ ನೋಡಿದರೆ ನಾನು ಪ್ರಾರ್ಥನೆಯನ್ನೇ ಮಾಡಿರುವುದಿಲ್ಲ, ಬರೀ ನುಡಿಸಿರುತ್ತೇನೆ. ಜರ್ಮನಿಯ ಸಂಗೀತಕಾರ ಬಾಖ್ ತನ್ನ ಸ್ವರ ಬರೆದ ಎಷ್ಟೋ ಹಾಳೆಗಳ ಮೇಲ್ತುದಿಯಲ್ಲಿ "ಯೇಸುವೇ, ನೆರವಾಗು" ಅನ್ನುವುದಕ್ಕೆ ಎರಡು ಅಕ್ಷರ, ಕೊನೆಯಲ್ಲಿ "ದೇವರೊಬ್ಬನಿಗೇ ಮಹಿಮೆ" ಅನ್ನುವುದಕ್ಕೆ ಮೂರು ಅಕ್ಷರ ಬರೆಯುತ್ತಿದ್ದನಂತೆ ಅಂತ ಓದಿದ ಮೇಲೆ ನಾನೂ ಸ್ವರ ಬರೆದ ನೋಟುಬುಕ್ಕಿನ ಪ್ರತಿ ಪುಟದ ಮೇಲೆ ಒಂದು ಶಿಲುಬೆ ಗುರುತು ಹಾಕುತ್ತೇನೆ. ಕಣ್ಣು ಅಲ್ಲಿಗೆ ಹೋದಾಗ ಯಾರ ಮುಂದೆ ಕೂತಿದ್ದೇನೆ ಅಂತ ನೆನಪಾಗಲಿ ಅಂತ.

ಅದಕ್ಕೇ ಪೆಟ್ಟಿಗೆಯ ಈ ಮೌನದ ಉಪವಾಸ ನನಗೆ ಬೇಕು. 1963ರ ಡಿಸೆಂಬರ್ 4ರಂದು ಲೋಕದ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಆರಾಧನೆಯ ಕಟ್ಟಳೆಯಲ್ಲಿ ಕೊಳವೆ ಆರ್ಗನ್ನಿಗೆ ದೊಡ್ಡ ಗೌರವ ಕೊಡಬೇಕು, ಅದರ ನಾದ ಮನಸ್ಸನ್ನು ದೇವರ ಕಡೆ ಎತ್ತುತ್ತದೆ ಅಂತ ಹೇಳಿದೆ. ಅದೇ ಕಟ್ಟಳೆಯಿಂದ ನಮಗೆ ನಮ್ಮ ಮಾತಿನಲ್ಲಿ ಪೂಜೆಯೂ ಸಿಕ್ಕಿತು. ಇಷ್ಟು ಗೌರವ ಕೊಟ್ಟ ಧರ್ಮಸಭೆಯೇ ಪಾಸ್ಕಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲದಲ್ಲಿ ಆರ್ಗನ್ನನ್ನು ಸುಮ್ನೆ ಕೂರಿಸುತ್ತದೆ. ಆ ದಿನಗಳಲ್ಲಿ ಅದು ಹಾಡಿಗೆ ಆಸರೆ ಅಷ್ಟೇ, ಒಂಟಿಯಾಗಿ ನುಡಿಸುವ ಹಾಗಿಲ್ಲ. ದೇವರನ್ನು ಹೊಗಳುವ ಅಲ್ಲೆಲೂಯ ಅನ್ನುವ ಮಾತನ್ನೂ ಹಾಡುವುದಿಲ್ಲ. ಬಾಬಿಲೋನಿನ ಹೊಳೆ ದಂಡೆಯಲ್ಲಿ ಕೂತು ಅತ್ತವರು ಕಿನ್ನರಿಗಳನ್ನು ಮರದ ಕೊಂಬೆಗೆ ನೇತುಹಾಕಿದರು ಅಂತ ಇನ್ನೊಂದು ಕೀರ್ತನೆಯಲ್ಲಿದೆ. ಗುರುವಾರ ಮುಚ್ಚಳ ಹಾಕುವಾಗ ನನಗೆ ಆ ಕೊಂಬೆಯೇ ಕಣ್ಣ ಮುಂದೆ ಬರುತ್ತದೆ.

ಈ ವರ್ಷ ಶುಕ್ರವಾರ ಶಿಲುಬೆಯ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಮೆರವಣಿಗೆ, ತೋಟದ ರಸ್ತೆಯಲ್ಲೇ ಹೋಯಿತು. ಹದಿನಾಲ್ಕು ಸ್ಥಳ, ಸಿಲ್ವರ್ ಓಕ್ ಮರಗಳಿಗೆ ಹದಿನಾಲ್ಕು ಶಿಲುಬೆ ಕಟ್ಟಿದ್ದರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟೊಂಬತ್ತು ದಿನ ಆಗಿತ್ತು. ರೊಬಸ್ಟಾ ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟು ಮಲ್ಲಿಗೆಯಂಥ ವಾಸನೆ. ವಾದ್ಯ ಇಲ್ಲ, ಮೈಕ್ ಇಲ್ಲ. ಮುಂದಿನವರು ಒಂದು ಸಾಲು ಮುಗಿಸುವಾಗ ಹಿಂದಿನವರು ಅದೇ ಸಾಲಿನ ನಡುವೆ ಇರುತ್ತಿದ್ದರು. ಯಾರ ಶ್ರುತಿಗೂ ಯಾರ ಶ್ರುತಿಗೂ ತಾಳೆಯಿಲ್ಲ. ಬೇರೆ ದಿನ ಆಗಿದ್ದರೆ ನನ್ನ ಕಿವಿ ಸಹಿಸುತ್ತಿರಲಿಲ್ಲ. ಅವತ್ತು ಕೈಗೆ ಕೆಲಸ ಇರಲಿಲ್ಲ, ಬರೀ ನಡೆಯುವುದು, ಹಾಡುವುದು. ಎಷ್ಟು ದಿನದ ಮೇಲೆ ನನ್ನ ದನಿ ನನಗೇ ಕೇಳಿಸಿತು.

ಶನಿವಾರ ರಾತ್ರಿ. ಪಾಸ್ಕ ಹಬ್ಬ ಬರುವುದೇ ವಸಂತದ ಮೊದಲ ಹುಣ್ಣಿಮೆ ಕಳೆದ ಭಾನುವಾರ, ಹಾಗಾಗಿ ಎಷ್ಟೋ ವರ್ಷ ಜಾಗರಣೆಯ ರಾತ್ರಿ ಚಂದ್ರ ದೊಡ್ಡದಾಗೇ ಇರುತ್ತಾನೆ. ಅಂಗಳದಲ್ಲಿ ಬೆಂಕಿ ಹಾಕಿ ಸ್ವಾಮಿಯವರು ಪಾಸ್ಕದ ದೊಡ್ಡ ಮೇಣದ ಬತ್ತಿ ಹಚ್ಚಿದರು. ಕತ್ತಲಾಗಿದ್ದ ದೇವಾಲಯದೊಳಗೆ ಅದೊಂದೇ ಬೆಳಕು ಹೋಯಿತು. ನಡುನಡುವೆ ಮೂರು ಸಲ ನಿಂತು ಕ್ರಿಸ್ತನ ಬೆಳಕೇ ಅಂತ ಹಾಡಿದರು. ಆ ಬತ್ತಿಯಿಂದ ಒಬ್ಬರಿಂದ ಒಬ್ಬರಿಗೆ ಬೆಳಕು ದಾಟಿ ಎಲ್ಲರ ಮುಖ ಕಂಡಿತು. ಆಮೇಲೆ ವಾಚನಗಳು. ಜಗತ್ತು ಹುಟ್ಟಿದ್ದು, ಅಬ್ರಹಾಮ, ಕೆಂಪು ಸಮುದ್ರ. ನಾನು ಪೆಟ್ಟಿಗೆಯ ಬಟ್ಟೆ ತೆಗೆದು, ಮುಚ್ಚಳ ಎತ್ತಿ, ಕಾಲು ತುಳಿಗೆಯ ಮೇಲಿಟ್ಟು ಕೂತಿದ್ದೆ. ಮಂಡಿ ನಡುಗುತ್ತಿತ್ತು. ಪ್ರತಿ ವರ್ಷ ನಡುಗುತ್ತದೆ.

ಕೊನೆಯ ವಾಚನದ ಪ್ರಾರ್ಥನೆ ಮುಗಿಯಿತು. ಸ್ವಾಮಿಯವರು ಮಹಿಮಾಗೀತೆ ಎತ್ತಿದರು. ಲೈಟು ಹತ್ತಿಕೊಂಡವು, ಗೋಪುರದ ಗಂಟೆ, ಪೀಠದ ಹತ್ತಿರದ ಹುಡುಗರ ಕೈಯ ಸಣ್ಣ ಗಂಟೆಗಳು, ಎಲ್ಲ ಒಟ್ಟಿಗೆ. ನಾನು ದನಿ ತುಂಬಿಸುವ ಗುಂಡಿಗಳನ್ನು, ಇದ್ದಬದ್ದ ಸ್ಟಾಪುಗಳನ್ನೆಲ್ಲ, ಎಳೆದು ಎರಡೂ ಕೈ ಇಟ್ಟೆ. ಪೆಟ್ಟಿಗೆ ಬಾಯಿಬಿಟ್ಟಿತು. ಎರಡೇ ಸಾಲು. ಅಷ್ಟರಲ್ಲಿ ನನ್ನ ಹಿಂದಿನಿಂದ ಬಂದ ದನಿ, ಶುಕ್ರವಾರ ತೋಟದಲ್ಲಿ ಚದುರಿಹೋಗಿದ್ದ ಅದೇ ದನಿಗಳು, ಅದೇ ಮುದುಕರು, ಅದೇ ಮಕ್ಕಳು, ಈಗ ಒಂದೇ ಶ್ರುತಿಯಲ್ಲಿ ಬೆನ್ನಿಗೆ ಬಂದು ತಾಗಿತು. ನನ್ನ ಕೈ ನಿಂತುಹೋಯಿತು. ಕಾಲೂ ನಿಂತಿತು. ತಿದಿಯ ಗಾಳಿ ಖಾಲಿಯಾಗಿ ಸ್ವರ ಹಾಗೇ ಇಳಿದು ಆರಿತು. ಇಷ್ಟು ವರ್ಷ ತಡೆದಿದ್ದೆಲ್ಲ ಬಂದುಬಿಟ್ಟಿತು. ಮುಖ ಮುಚ್ಚಿಕೊಳ್ಳಬೇಕು ಅಂತಲೂ ಅನ್ನಿಸಲಿಲ್ಲ. ಕ್ರಿಸ್ತ ಎದ್ದಿದ್ದಾನೆ, ನಿಜವಾಗಿ ಎದ್ದಿದ್ದಾನೆ ಅಂತ ಅಷ್ಟೇ ಗೊತ್ತಾಗುತ್ತಿತ್ತು.

ಹಾಡು ಎಡವಲಿಲ್ಲ. ಜನ ಹಾಡುತ್ತಲೇ ಇದ್ದರು. ಅಜ್ಜಿಯ ದನಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ಕೊನೆಯ ಆಮೆನ್‌ಗೆ ನಾನು ತುಳಿದು ಸೇರಿಕೊಂಡೆ. ಅವರ ಶ್ರುತಿ ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲರಿಗೂ ಕಾಫಿ, ಬನ್ನು. ನಾನು ನೋಟುಬುಕ್ಕು ಜೋಡಿಸುತ್ತಿದ್ದೆ. ಅಜ್ಜಿ ಬೆಂಚು ಹಿಡಿದುಕೊಂಡು ನಿಧಾನಕ್ಕೆ ಬಂದರು.

"ಪೆಟ್ಟಿಗೆ ಕೆಟ್ಟೋಯ್ತಾ ಮಗಾ?" ಅಂದರು.

"ಇಲ್ಲಜ್ಜಿ" ಅಂದೆ. ಅದಕ್ಕಿಂತ ಮುಂದೆ ಹೇಳಲಿಕ್ಕೆ ಆಗಲಿಲ್ಲ. ಅವರು ನನ್ನ ಮುಖ ನೋಡಿದರು. ಸೆರಗಿನ ತುದಿಯಿಂದ ಕೆನ್ನೆ ಒರೆಸಿದರು. ಆ ಸೆರಗಿಗೆ ಮೇಣದ ವಾಸನೆ ಇತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ನಿಂತಿದ್ದೆವು.

"ನಾಳೆ ಪೂಜೇಲಿ ಎರಡನೇ ಹಾಡು ಸ್ವಲ್ಪ ಕೆಳಗೆ ಹಿಡಿ ಮಗಾ. ನಂಗೆ ಈಗ ಮೇಲೆ ಹೋಗಕ್ಕಾಗಲ್ಲ" ಅಂದರು.

ಬೆಳಿಗ್ಗೆ ಅದರ ಶ್ರುತಿಯನ್ನು ಎರಡನೇ ಕಪ್ಪು ಮನೆಯಿಂದ ಮೊದಲನೇ ಕಪ್ಪು ಮನೆಗೆ ಇಳಿಸಿ ನುಡಿಸಿದೆ.