ಕೆನಡಾಕ್ಕೆ ಮರಳುವ ಮುನ್ನ ಪಿಆರ್ ಕಾರ್ಡಿನ ದಿನಾಂಕ ನೋಡಿಕೊಳ್ಳಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಆಗ ನಡುರಾತ್ರಿ ಕಳೆದಿತ್ತು. ಚೆಕ್-ಇನ್ ಕೌಂಟರಿನಲ್ಲಿದ್ದವರು ನನ್ನ ಪಿಆರ್ ಕಾರ್ಡನ್ನು, ಅಂದರೆ ಕೆನಡಾದ ಕಾಯಂ ನಿವಾಸಿಗಳಿಗೆ ಕೊಡುವ ಕಾರ್ಡನ್ನು, ದೀಪದ ಕೆಳಗೆ ಹಿಡಿದು, ಕೊನೆಯ ದಿನಾಂಕದ ಪಕ್ಕ ಹೆಬ್ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. "ಮೇಡಂ, ಇದರ ಅವಧಿ ಮುಗಿದು ಹನ್ನೊಂದು ದಿನವಾಗಿದೆ."

ತಂದೆಯ ಶಸ್ತ್ರಚಿಕಿತ್ಸೆಗೆಂದು ಬಂದವಳು ಟಿಕೆಟನ್ನು ಎರಡು ಸಲ ಮುಂದೂಡಿದ್ದೆ. ಕಾರ್ಡಿನ ನೆನಪೇ ಬರಲಿಲ್ಲ. ಟೊರಾಂಟೊದಲ್ಲಿ ಮನೆಯಿದೆ, ಕೆಲಸವಿದೆ, ತೆರಿಗೆ ಕಟ್ಟುತ್ತಿದ್ದೇನೆ ಎಂದೆಲ್ಲ ಹೇಳಿದೆ. ಆದರೆ ಕೆನಡಾಕ್ಕೆ ವಿಮಾನ ಹತ್ತಬೇಕಾದರೆ ಚಾಲ್ತಿಯಲ್ಲಿರುವ ಕಾರ್ಡನ್ನೋ ಅದಕ್ಕೆ ಬದಲಾದ ಪ್ರಯಾಣ ಪತ್ರವನ್ನೋ ತೋರಿಸಲೇಬೇಕು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಪೆಟ್ಟಿಗೆ ಎಳೆದುಕೊಂಡು ಮನೆಗೆ ಮರಳಿದೆ.

ಆ ರಾತ್ರಿ ನನ್ನನ್ನು ಹಿಂಡಿದ್ದು ಒಂದೇ ಭಯ: ಪಿಆರ್ ಹೋಗಿಯೇಬಿಟ್ಟಿತೇ? ಇಲ್ಲ. ಕಾರ್ಡಿನ ಅವಧಿ ಬೇರೆ, ನಿಮ್ಮ ಕಾಯಂ ನಿವಾಸಿ ಸ್ಥಾನಮಾನ ಬೇರೆ. ಕಾರ್ಡ್ ಮುಗಿದ ಮಾತ್ರಕ್ಕೆ ಸ್ಥಾನಮಾನ ಹೋಗುವುದಿಲ್ಲ. ಅಧಿಕಾರಿಗಳು ನೋಡುವುದು ಕಳೆದ 5 ವರ್ಷಗಳಲ್ಲಿ ನೀವು ಕನಿಷ್ಠ 730 ದಿನ ಕೆನಡಾದಲ್ಲಿ ಇದ್ದಿರೇ ಎಂಬುದನ್ನು. ಕೆನಡಾ ಪ್ರಜೆಯಾದ ಗಂಡ ಅಥವಾ ಹೆಂಡತಿಯ ಜೊತೆ ಹೊರದೇಶದಲ್ಲಿ ಕಳೆದ ದಿನಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಹೊರಗಿದ್ದುಕೊಂಡು ಕಾರ್ಡ್ ನವೀಕರಿಸುವ ಆಸೆ ಬಿಡಿ. ಅದಕ್ಕೆ ಕೆನಡಾದೊಳಗೆ ಇದ್ದೇ ಅರ್ಜಿ ಹಾಕಬೇಕು, ಕಾರ್ಡನ್ನು ಹೊರದೇಶದ ವಿಳಾಸಕ್ಕೆ ಅಂಚೆಯಲ್ಲಿ ಕಳುಹಿಸುವುದೂ ಇಲ್ಲ. ಹೊರಗೆ ಸಿಕ್ಕಿಕೊಂಡವರಿಗಿರುವ ದಾರಿ ಪಿಆರ್‌ಟಿಡಿ, ಅಂದರೆ ಕಾಯಂ ನಿವಾಸಿಗಳ ಪ್ರಯಾಣ ಪತ್ರ. ಶುಲ್ಕ 50 ಕೆನಡಾ ಡಾಲರ್. ನಾನು ಆನ್‌ಲೈನಿನಲ್ಲೇ ಅರ್ಜಿ ಹಾಕಿದೆ. ಫಾರಂ ತುಂಬುವುದು ಕಷ್ಟವಲ್ಲ, ಸಾಕ್ಷ್ಯ ಒಟ್ಟುಗೂಡಿಸುವುದೇ ದೊಡ್ಡ ಕೆಲಸ. ತೆರಿಗೆ ಇಲಾಖೆಯ ವಾರ್ಷಿಕ ನೋಟಿಸುಗಳು, ಸಂಬಳದ ಚೀಟಿಗಳು, ಬಾಡಿಗೆ ಕರಾರು, ಮಗಳ ಶಾಲೆಯ ದಾಖಲೆ, ಪಾಸ್‌ಪೋರ್ಟಿನ ಮೊಹರು ಬಿದ್ದ ಪ್ರತಿಯೊಂದು ಪುಟ ಎಲ್ಲವನ್ನೂ ಸೇರಿಸಿದೆ. ಹಳೆಯ ಪಾಸ್‌ಪೋರ್ಟನ್ನು ಟೊರಾಂಟೊದಲ್ಲೇ ಬಿಟ್ಟು ಬಂದಿದ್ದೆ. ಗೆಳತಿಯೊಬ್ಬಳು ನಮ್ಮ ಮನೆಗೆ ಹೋಗಿ ಅಲಮಾರಿಯಿಂದ ತೆಗೆದು, ಒಂದೊಂದೇ ಪುಟದ ಚಿತ್ರ ಕಳುಹಿಸದಿದ್ದರೆ ದಿನಗಳ ಲೆಕ್ಕ ಒಪ್ಪಿಸುವುದು ಕಷ್ಟವಾಗುತ್ತಿತ್ತು. ಈ ಕಾಗದಗಳ ಪ್ರತಿಗಳನ್ನು ಹೊರಡುವ ಮೊದಲೇ ಇಮೇಲಿನಲ್ಲಿ ಹಾಕಿಟ್ಟುಕೊಳ್ಳಿ.

ಒಪ್ಪಿಗೆಯಾದ ಮೇಲೆ ಪಾಸ್‌ಪೋರ್ಟ್ ಒಪ್ಪಿಸಬೇಕು, ಅದರಲ್ಲಿ ಪತ್ರವನ್ನು ಅಂಟಿಸಿ ಕೊಡುತ್ತಾರೆ. ನನಗೆ ಒಟ್ಟು ಸುಮಾರು ಮೂರು ವಾರ ಹಿಡಿಯಿತು. ನಿಮಗೆ ಹೆಚ್ಚೂ ಆಗಬಹುದು, ಆದ್ದರಿಂದ ಪತ್ರ ಕೈಗೆ ಬರುವ ಮುನ್ನ ಟಿಕೆಟ್ ಕೊಳ್ಳಬೇಡಿ. ಅರ್ಜಿ ತಿರಸ್ಕೃತವಾದರೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಆ ಅವಧಿ ಮೀರಲು ಬಿಡಬೇಡಿ.

ಅಮೆರಿಕಕ್ಕೆ ಹೋಗಿ ಅಲ್ಲಿಂದ ಕಾರಿನಲ್ಲಿ ಗಡಿ ದಾಟು ಎಂದು ಹಲವರು ಹೇಳಿದರು. ಸ್ವಂತದ್ದೋ ಬಾಡಿಗೆಯದ್ದೋ ಖಾಸಗಿ ವಾಹನದಲ್ಲಿ ಬರುವವರಿಗೆ ಪಿಆರ್‌ಟಿಡಿ ಬೇಕಿಲ್ಲ ಎಂಬುದು ನಿಜ. ಬಸ್ಸು, ರೈಲಿನಲ್ಲಿ ಬಂದರೆ ಬೇಕು. ಆದರೆ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಮೊದಲು ಅಮೆರಿಕದ ವೀಸಾ ಬೇಕಲ್ಲ! ನನ್ನ ಬಳಿ ಇರಲಿಲ್ಲ. ನಡುವೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿ. ಕೆಲವೆಡೆ ಟ್ರಾನ್ಸಿಟ್ ವೀಸಾ ವಿನಾಯಿತಿ ಸಿಗುವುದು ಕಾರ್ಡ್ ಚಾಲ್ತಿಯಲ್ಲಿದ್ದರೆ ಮಾತ್ರ.

ಟೊರಾಂಟೊದಲ್ಲಿ ಇಳಿದಾಗ ಅಧಿಕಾರಿ ಎರಡೇ ಪ್ರಶ್ನೆ ಕೇಳಿ ಒಳಗೆ ಬಿಟ್ಟರು. ಆ ವಾರವೇ ಹೊಸ ಕಾರ್ಡಿಗೆ ಅರ್ಜಿ ಹಾಕಿದೆ. ಅವಧಿ ಮುಗಿಯಲು 9 ತಿಂಗಳಿಗಿಂತ ಕಡಿಮೆ ಉಳಿದಾಗಲೇ ನವೀಕರಣಕ್ಕೆ ಹಾಕಬಹುದು. ಹೊಸ ಕಾರ್ಡ್ ಬಂದ ದಿನವೇ ಆ ತಾರೀಖನ್ನು ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದೇನೆ.